ತೇಲು ಹಣ್ಣು

ಸುಂಟಿಕೊಪ್ಪದಾಚೆ ತೋಟದ ಪಲ್ಪರ್ ಮನೆಯಲ್ಲಿ
ಒಂಬತ್ತು ವರ್ಷದಿಂದ ತೂಕ ಬರೆಯುವವಳು ನಾನು.
ಚೀಲ ಏರಿಸಿದ ಮೇಲೆ ಮುಳ್ಳು ನಿಲ್ಲುವವರೆಗೆ ಕಾಯಬೇಕು.
ಅವಸರದಲ್ಲಿ ಬರೆದ ಅಂಕಿ
ಯಾರದೋ ಕೂಲಿ ತಿನ್ನುತ್ತದೆ.
ನನಗೆ ಬರುವ ವಿದ್ಯೆ ಇಷ್ಟೇ.

ಮಡಿಕೇರಿಯಲ್ಲಿ ನಿನ್ನನ್ನು ತಕ್ಕಡಿಯಿಲ್ಲದೆ ತೂಗಿದರು,
ಹೊಟ್ಟೆಗೆ ತಣ್ಣನೆ ಜೆಲ್ ಸವರಿ.
ತಲೆಗೆ ಮೂವತ್ತೆರಡು ವಾರ,
ತೊಡೆಯ ಎಲುಬಿಗೆ ಮೂವತ್ತು,
ಹೊಟ್ಟೆಯ ಸುತ್ತಳತೆಗೆ ಇಪ್ಪತ್ತೆಂಟು.
ಒಂದೇ ಮಗುವಿಗೆ ಮೂರು ವಯಸ್ಸು.
ಡಾಕ್ಟರ್ ರುಕಿಯಾ ಪರದೆಯ ಬೂದಿಯ ಮೇಲೆ ಬೆರಳಿಟ್ಟರು:
"ಹೊಟ್ಟೆಯ ಅಳತೆ ಅಂದರೆ ಹೆಚ್ಚುಕಡಿಮೆ ಲಿವರಿನ ಅಳತೆ.
ಸಕ್ಕರೆ ಕೂಡಿಡುವ ಜಾಗ. ಅದು ತುಂಬಿಲ್ಲ."

ತುಂಬಿಲ್ಲ ಎಂದರೆ ಏನೆಂದು ನನಗೆ ಗೊತ್ತು.
ತೊಟ್ಟಿಗೆ ಹಣ್ಣು ಸುರಿದಾಗ ಮುಳುಗದೆ ಉಳಿಯುತ್ತದಲ್ಲ,
ಕೆಂಪಗೆ, ನುಣ್ಣಗೆ,
ಒಳಗೆ ಬೀಜ ಕಟ್ಟದ್ದು.
ಬೊಳ್ಳಿ ಅದನ್ನು ಜರಡಿಯಲ್ಲಿ ಬಾಚಿ ಬೇರೆ ರಾಶಿ ಹಾಕುತ್ತಾಳೆ.
ನಾನು ಬೇರೆ ಪುಟದಲ್ಲಿ ಬರೆಯುತ್ತೇನೆ: ತೇಲು, ಹನ್ನೊಂದು ಕಿಲೋ.
ಆ ಪುಟಕ್ಕೆ ಅರ್ಧ ಬೆಲೆ.

ವಾಪಸು ಬಸ್ಸಿನಲ್ಲಿ ಲೆಕ್ಕ ಹಾಕಿದೆ,
ಯಾವ ಹೊತ್ತು ಉಣ್ಣಲಿಲ್ಲ, ಯಾವ ಚೀಲಕ್ಕೆ ಕೈಕೊಟ್ಟೆ.
ಚಿಣ್ಣವ್ವ ಅತ್ತೆ ಕಡಂಬುಟ್ಟಿನ ಮೇಲೆ ತುಪ್ಪ ಸುರಿದರು,
ತಿಂದೆ. ದಪ್ಪಗಾದೆ.
ದಾಸ್ತಾನು ನನ್ನಲ್ಲೇ ಉಳಿಯಿತು.
ನಮ್ಮಿಬ್ಬರ ನಡುವಿನ ಮಾಸು
ಚಮಚ ಚಮಚವಾಗಿ ಮಾತ್ರ ದಾಟಿಸುತ್ತಿತ್ತು.

ಮುಂದಿನ ಸಲ ಡಾಕ್ಟರ್ ಔಷಧಿ ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ಹೊಕ್ಕುಳಬಳ್ಳಿಯ ನೆತ್ತರು
ಲಿವರಿನ ಬಾಗಿಲಿಗೆ ಬಂದು
ಒಳಗೆ ಹೋಗದೆ, ಪಕ್ಕದ ಒಳದಾರಿ ಹಿಡಿದು
ನೇರ ಎದೆಗೆ, ಎದೆಯಿಂದ ತಲೆಗೆ.
"ಮಗುವೇ ತಿರುಗಿಸಿಕೊಂಡದ್ದು. ಬರುವುದೇ ಕಡಿಮೆ,
ಹಾಗಾಗಿ ಮೊದಲು ಮಿದುಳು."

ಒಂದೂಕಾಲು ಕಿಲೋ ಇದ್ದೆ ನೀನು.
ಅಷ್ಟರಲ್ಲೇ ಮನೆವಾರ್ತೆ ಕಲಿತಿದ್ದೆ.

ಪುತ್ತರಿಯ ರಾತ್ರಿ, ಮೂವತ್ತೈದನೇ ವಾರ,
ಇನ್ನು ಕಾಯುವುದು ಬೇಡ ಎಂದರು.
ನಿನ್ನಪ್ಪ ಕದಿರು ತೆಗೆಯಲು ಗದ್ದೆಗಿಳಿಯಲಿಲ್ಲ,
ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತಿದ್ದ.
ದೂರದಲ್ಲಿ ಕೋವಿಯ ಸದ್ದು.
ಪೊಲಿ ಪೊಲಿ ಎಂದು ಊರೆಲ್ಲ ಸಮೃದ್ಧಿಯನ್ನು ಕೂಗಿ ಕರೆಯುವ ಹೊತ್ತಿಗೆ
ಒಂದು ಕಿಲೋ ಏಳುನೂರ ನಲವತ್ತು ಗ್ರಾಂ,
ನೀನೂ ಕೂಗಿದೆ, ಸಣ್ಣಗೆ.

ಬಳ್ಳಿ ಕತ್ತರಿಸಿದ ಮೇಲೆ ಬೇರೆ ಮಕ್ಕಳು
ತಮ್ಮ ಪತ್ತಾಯ ತೆಗೆದು ಉಣ್ಣುತ್ತವಂತೆ
ತಾಯಿಗೆ ಹಾಲು ಇಳಿಯುವವರೆಗೆ.
ನಿನ್ನ ಪತ್ತಾಯದ ತಳ ಗುಡಿಸಿಟ್ಟಂತಿತ್ತು.
ಕೈ ನಡುಗಿತು. ತುಟಿ ನಡುಗಿತು.
ಸಿಸ್ಟರ್ ಅಲ್ಫೋನ್ಸ ಹಿಮ್ಮಡಿ ಚುಚ್ಚಿ ಯಂತ್ರಕ್ಕೆ ಹನಿ ಕೊಟ್ಟರು,
ಇಪ್ಪತ್ತೆಂಟು.
ಡ್ರಿಪ್ಪಿನ ಸಕ್ಕರೆ ಹಚ್ಚಿದ ಮೇಲೆ ನಲವತ್ತೊಂದು.
ಮತ್ತೆ ಮೂವತ್ತಾರು.

ಕೈ ಸುಮ್ಮನಿರಲಿಲ್ಲ ನನಗೆ,
ಬಸ್ ಟಿಕೆಟಿನ ಹಿಂದೆ ಬರೆಯತೊಡಗಿದೆ.
ಹಿಂಡಿದರೆ ಹಳದಿ ಹಾಲು ಏಳು ಹನಿ.
ಒಳಲೆಯ ಮೂತಿಯಿಂದ ಒಂದೊಂದೇ
ನಿನ್ನ ನಾಲಗೆಗೆ ಇಳಿಯಿತು.
ಐವತ್ತೆರಡು.

ಮೂರನೇ ದಿನ ಬೊಳ್ಳಿ ಬಂದಳು, ಗಾಜಿನಾಚೆ ನಿಂತು ನೋಡಿದಳು.
ತೇಲಿನ ಮಾತು ನಾನೇ ತೆಗೆದೆ. ಅತ್ತೆ ಕಣ್ಣು ಬಿಟ್ಟರು.
ಬೊಳ್ಳಿ ನಕ್ಕಳು: "ಎರಡನೇ ರಾಶಿಯಿಂದ ದಿನಾ ಒಂದು ಹಿಡಿ
ಸೆರಗಿಗೆ ಕಟ್ಟಿಕೊಂಡು ಹೋಗ್ತೇನಲ್ಲ ಅವ್ವಾ.
ಹುರಿದರೆ ಘಮ ಅದೇ.
ನಿಮ್ಮ ಪುಸ್ತಕದಲ್ಲಿ ಅದು ಇಲ್ಲ."

ಇಲ್ಲ.
ಒಂಬತ್ತು ವರ್ಷ ಗಮನಿಸಿಯೇ ಇರಲಿಲ್ಲ.

ಡ್ರಿಪ್ ತೆಗೆದು ಮೂರು ಗಂಟೆಯಾಯಿತು.
ಗಡಿಯಾರದಲ್ಲಿ ನಡುರಾತ್ರಿ ಎರಡು.
ನಿನ್ನ ಹಿಮ್ಮಡಿಯ ತುಂಬ ಸೂಜಿಯ ಚುಕ್ಕೆಗಳು,
ಇನ್ನೊಂದಕ್ಕೆ ಜಾಗ ಹುಡುಕುತ್ತಿದ್ದಾರೆ ಸಿಸ್ಟರ್.
ಟಿಕೆಟಿನ ಮೇಲೆ ವೇಳೆ ಬರೆದಿದ್ದೇನೆ,
ಎದುರಿನ ಜಾಗ ಬಿಟ್ಟಿದ್ದೇನೆ.
ಯಂತ್ರ ಎಣಿಸುತ್ತಿದೆ: ಐದು, ನಾಲ್ಕು, ಮೂರು.
ನನ್ನ ರವಿಕೆ ಒದ್ದೆಯಾಗಿದೆ.