ಅಂಗಿಯ ಮೇಲಿನ ಊರುಗಳು

ಶ್ರೀನಿವಾಸಪುರದ ಗಾಡಿ ಇನ್ನೂ ಬಂದಿಲ್ಲ. ರಾತ್ರಿ ಎರಡೂವರೆ.
ಕೋಲಾರದ ಟೊಮೆಟೊ ಮಂಡಿಯಲ್ಲಿ
ಖಾಲಿ ಕ್ರೇಟು ಬೋರಲು ಹಾಕಿ ಕೂತ ಹಮಾಲಿಗಳ ನಡುವೆ
ಅಮೆರಿಕದ ಮೇಲೆ ಜಗಳ ಹತ್ತಿದೆ.

ಕಾರಣ ಅಂಗಿ.
ಕ್ಲಾಕ್ ಟವರಿನ ಹತ್ತಿರ ಗುಡ್ಡೆ ಹಾಕಿ ಮಾರುವ
ಯಾರೋ ತೊಟ್ಟು ಬಿಟ್ಟ ಅಂಗಿ, ನಲವತ್ತು ರೂಪಾಯಿ,
ತೋಳು ಹರಿದಿದ್ದರೆ ಮೂವತ್ತು.
ಎದೆಯ ಮೇಲೆ ಒಂದೊಂದು ಊರು.
ಓದಿ ಹೇಳುವವನು ನಾನು, ಮಂಡಿ ರೈಟರು,
ಎಸೆಸೆಲ್ಸಿ, ಇಂಗ್ಲಿಷಿನಲ್ಲಿ ಮೂವತ್ತೈದು.

ಪಿಳ್ಳಪ್ಪನದು ಚಿಕಾಗೊ.
"ನಮ್ಮೂರಿನಂಗೆ ಇನ್ನೊಂದಿಲ್ಲ," ಅಂದ ಎದೆ ತಟ್ಟಿಕೊಂಡು,
"ಮೂರು ವರ್ಷ ಆಯ್ತು, ಹೊತ್ತು ಹೊತ್ತು
ಹೆಗಲು ಸವೀತು, ಬಟ್ಟೆ ಸವೀಲಿಲ್ಲ."
ಗಾಳಿ ಜಾಸ್ತಿ ಅಲ್ಲಿ, ಅಂದೆ, ಎಲ್ಲೋ ಓದಿದ್ದು.
ಚಳಿಗೆ ಕೆರೆಯೇ ಗಟ್ಟಿಯಾಗುತ್ತಂತೆ.
"ಮತ್ತೆ? ಅದಕ್ಕೇ ಇಷ್ಟು ದಪ್ಪ ನೇಯ್ದವ್ರೆ!"

ಅಮೀರ್ ಜಾನ್ ಬೀಡಿ ಹೊಸಕಿ ಎದ್ದ. ಅವನದು ಹ್ಯೂಸ್ಟನ್,
ತೆಳು ಬಟ್ಟೆ, ಹಿಂಡಿ ಹರವಿದರೆ ಗಳಿಗೆಯಲ್ಲಿ ಒಣಗುತ್ತೆ.
"ಏಪ್ರಿಲ್‌ನಾಗೆ ನಿನ್ನ ಚಿಕಾಗೊ ಹಾಕ್ಕೊಂಡು ಬಾ ನೋಡಾನ,
ಬೆಂದೋಗ್ತೀಯ."
"ಮಳೆ ಬಂದ್ರೆ ನಿಮ್ಮೂರು ಮುಳುಗ್ತದಂತೆ."
"ಮುಳುಗ್ಲಿ ಬುಡು. ಮುಳುಗೋಕೆ ನೀರಾದ್ರೂ ಅದೆ."
ಅದಕ್ಕೆ ಯಾರೂ ಮಾತಾಡಲಿಲ್ಲ.
ಸಾವಿರದೈನೂರು ಅಡಿ ಕೊರೆದು
ದೂಳು ಕಂಡವರು ನಾವು.

ಹೊಸ ಹುಡುಗ ಚೌಡೇಶ, ನ್ಯೂಯಾರ್ಕು,
ಎಲ್ಲಕ್ಕಿಂತ ನಮ್ಮದೇ ದೊಡ್ಡದು ಅಂದದ್ದಕ್ಕೆ ನಕ್ಕರು:
ಆ ಅಂಗಿ ಈ ಮಂಡಿಯಲ್ಲೇ ಹನ್ನೊಂದು ಜನರ ಮೈಮೇಲಿದೆ.
ಕಾಲಿಡಲು ಜಾಗವಿಲ್ಲದ ಊರು ಅನ್ನುವುದಕ್ಕೆ
ಬೇರೆ ಸಾಕ್ಷಿ ಬೇಕಾಗಲಿಲ್ಲ.

ಆರೋಗ್ಯಸ್ವಾಮಿ ಸುಮ್ಮನಿದ್ದ. ಡೆಟ್ರಾಯಿಟ್.
ಕೆಜಿಎಫ್‌ನವನು, ಅಪ್ಪ ಚಾಂಪಿಯನ್ ರೀಫಿನಲ್ಲಿ ಇಳಿಯುತ್ತಿದ್ದ.
"ನಂದ್ರಲ್ಲಿ ಏನದೆ?" ಅಂತ ತಾನೇ ಕೇಳಿದ.
ಕಾರು ಮಾಡ್ತಿದ್ರು. ಫ್ಯಾಕ್ಟರಿ ಮುಚ್ಚಿದ್ವು. ಜನ ಹೋದ್ರು.
ಮನೆಗಳು ಬಾಗಿಲು ತೆರಕೊಂಡು ಹಂಗೇ ನಿಂತವಂತೆ.
ಅಕ್ಷರಗಳ ಮೇಲೆ ಬೆರಳಾಡಿಸಿದ.
"ಶಿಫ್ಟಿನ ಸೈರನ್ ನಿಲ್ಲಿಸಿದಾರಾ, ಇನ್ನೂ ಹೊಡೀತಾರಾ?"
ಗೊತ್ತಿಲ್ಲ ಅಂದೆ. ನಿಜವಾಗಿ ಗೊತ್ತಿರಲಿಲ್ಲ.
"ಈ ಊರು ನಾನು ಬಲ್ಲೆ," ಅಂದವನು
ಎಲ್ಲರಿಗೂ ಟೀ ತರಲು ಹೋದ.

ಸೊಣ್ಣಪ್ಪ ಉಳಿದ. ಅರವತ್ತರ ಆಚೆ, ಒಂದು ಕಣ್ಣಿಗೆ ಪೊರೆ.
ಬಿಳಿ ಅಂಗಿ, ಎದೆಯ ಮೇಲೊಂದು ಹಕ್ಕಿ,
ಹಕ್ಕಿಯ ಕೆಳಗೆ ವಾಲ್ಟರ್,
ಅದರ ಕೆಳಗೆ ಎರಡು ಇಸವಿ, ನಡುವೆ ಸಣ್ಣ ಗೆರೆ.
"ನಂದ್ಯಾವೂರು ರೈಟರೇ?" ಅಂತ ಹೋದ ವರ್ಷವೇ ಕೇಳಿದ್ದ.
ಸತ್ತವನ ಹೆಸರಪ್ಪಾ, ಮನೆಯವರು
ನೆನಪಿಗೆ ಹಾಕಿಸಿಕೊಂಡದ್ದು, ಅನ್ನಲು ಬಾಯಿ ಬರಲಿಲ್ಲ.
ಅಂಗಿ ಹೊಸದು, ಇಸ್ತ್ರಿ ಬೇರೆ ಮಾಡಿಸಿದ್ದ.
ವಾಲ್ಟರ್, ಅಂದೆ. ದೊಡ್ಡ ಊರೇ.
"ಕೆಳಗೆ ನಂಬರು?"
ಪಿನ್ ಕೋಡು.

ಈಗ ಕ್ರೇಟಿನ ಮೇಲೆ ಹತ್ತಿ ನಿಂತಿದ್ದಾನೆ.
"ಇವನ್ದು ಚಳಿ, ಅವನ್ದು ನೆರೆ,
ಈ ಹುಡುಗಂದು ಸಂತೆ, ಸ್ವಾಮೀದು ಮುಚ್ಚೋದ ಊರು.
ನಮ್ಮ ವಾಲ್ಟರಿಗೆ ಒಂದು ಐಬು ಹೇಳ್ರೋ ನೋಡಾನ!"
ಪಿಳ್ಳಪ್ಪ ನನ್ನ ಕಡೆ ನೋಡಿದ. ಅಮೀರ್ ಜಾನ್ ನೋಡಿದ.
ನಾನು ಬಿಲ್ ಪುಸ್ತಕಕ್ಕೆ ಕಾರ್ಬನ್ ಸೇರಿಸುತ್ತಿದ್ದೆ.
ಹುಡುಕಿದರು, ಎಷ್ಟು ಹುಡುಕಿದರೂ
ಒಂದೇ ಒಂದು ಐಬು ಸಿಗಲಿಲ್ಲ ಯಾರಿಗೂ.

ಗೇಟಿನಲ್ಲಿ ಲಾರಿಯ ಬೆಳಕು. ಟವಲು ಸುತ್ತಿ ಸಿಂಬಿ ಮಾಡಿಕೊಂಡು
ಎದ್ದವು ಊರುಗಳು ಒಂದರ ಹಿಂದೆ ಒಂದು.
ಹಿಂಬಾಗಿಲ ಸರಪಳಿ ಬಿಚ್ಚುತ್ತ ಸೊಣ್ಣಪ್ಪ ತಿರುಗಿದ:
"ರೈಟರೇ, ಈ ಹೊತ್ನಾಗೆ ಅಲ್ಲಿ ಏನ್ ಮಾಡ್ತಿರ್ತಾರೆ?"

ಮಲಗಿರ್ತಾರೆ, ಅಂದೆ.

"ಪುಣ್ಯವಂತ್ರು," ಅಂದ. ಮೊದಲ ಕ್ರೇಟು ತಲೆಗೇರಿತು.
ನಾನು ಬರೆದುಕೊಂಡೆ: ಒಂದು.