ಗುರುವಿನ ಮಗಳಿಗೆ ದನಿ ಕೊಟ್ಟವಳು

ಬೈತಖೋಲದ ಐಸ್ ಫ್ಯಾಕ್ಟರಿಯ ಮಾಳಿಗೆಯಲ್ಲಿ
ಎರಡು ಕಂಪ್ಯೂಟರು, ಒಂದು ಫ್ಯಾನು, ಜೊವಿಟೊ ಫುರ್ಟಾಡೊ.
ಕೆಳಗೆ ಯಂತ್ರ ಮಂಜುಗಡ್ಡೆ ಪುಡಿ ಮಾಡುವಾಗ
ಗೋಡೆಗೆಲ್ಲ ಹಲ್ಲು ಕಡಿಯುವ ಸದ್ದು.
ಅದು ನಿಂತ ಬಿಡುವಿನಲ್ಲಿ, ಗೋದಡಿ ಹೊದ್ದು,
ಮೈಕಿನ ಮೂತಿಗೆ ಬಾಯಿಟ್ಟು
ನಾನು ಕೆಟ್ಟವಳಾಗಬೇಕಿತ್ತು.

"ಅವಳು ಆಳದ ಗುರುವಿನ ಮಗಳು," ಅಂದ ಜೊವಿಟೊ.
"ಅಪ್ಪನಿಗೆ ಉರಿಯುವ ಲೋಳೆಮೀನಿನ ಕಿರೀಟ.
ಅವನ ಮಾತು ಕೇಳಿ ಜನ ಸಾಲುಗಟ್ಟಿ
ಕಡಲೊಳಗೆ ನಡೆಯುತ್ತಾರೆ. ತೇಲುವುದಿಲ್ಲ.
ಇವಳು ದೀಪಸ್ತಂಭದ ಬಾಗಿಲು ಕಾಯುತ್ತಾಳೆ.
ಇವಳನ್ನು ಕೊಂದರೇ ಒಳಗೆ ದಾರಿ."
ದೀಪಸ್ತಂಭ ಮಾತ್ರ ನಮ್ಮ ದೇವಗಡದ್ದೇ,
ಮೇಲೆ ಅವನು ಎರಡನೇ ಚಂದ್ರ ಸೇರಿಸಿದ್ದ.

ಹನ್ನೊಂದು ಸಾಲು. ಸಾಲಿಗೆ ಇನ್ನೂರು ರೂಪಾಯಿ.
ನಗೆಗೆ ಬೇರೆ ದುಡ್ಡಿಲ್ಲ.
"ಇನ್ನೂ ಕೆಟ್ಟದಾಗಿ," ಅಂದ, ನಾಲ್ಕು ಸಲ.
ಕೆಟ್ಟ ನಗು ಹೇಗಿರುತ್ತದೋ.
ನನಗೆ ಗೊತ್ತಿದ್ದದ್ದು
ಬಂದ ನಗುವನ್ನೂ ನುಂಗಿಕೊಂಡು
ನಲ್ಲಿಯ ಸಾಲಿನಲ್ಲಿ ಕೊನೆಗೆ ನಿಲ್ಲುವುದು.

ನನ್ನ ಅಪ್ಪ ತಾಂಡೇಲ.
ಇಪ್ಪತ್ತೆಂಟು ಜನ ಅವನ ಬೆರಳು ನೋಡಿ ಬಲೆ ಬಿಡುತ್ತಿದ್ದರು.
ನೀರಿನ ಬಣ್ಣದಲ್ಲೇ ಬಂಗಡೆಯ ಹಿಂಡು ಓದುತ್ತಿದ್ದ.
ಕೆಂಪು ಬಾವುಟ ಏರಿದ ದಿನವೂ ಬೆರಳೆತ್ತಿದ.
"ನಾನಿದ್ದೇನಲ್ಲ," ಅಂದನಂತೆ.
ಇಬ್ಬರು ಬರಲಿಲ್ಲ.
ಒಬ್ಬನ ಚಪ್ಪಲಿ ಇನ್ನೂ ನಮ್ಮ ಜಗಲಿಯ ಕೆಳಗಿದೆ,
ಹೊರಡುವಾಗ ಬಿಟ್ಟದ್ದು.

ಆಮೇಲೆ ಶೆಟ್ಲಿ ಆಯುವ ಶೆಡ್ಡಿನಲ್ಲಿ
ನನ್ನ ಬುಟ್ಟಿಯ ಪಕ್ಕ ಯಾರೂ ಬುಟ್ಟಿ ಇಡಲಿಲ್ಲ.
ಬೈಯಲಿಲ್ಲ ಯಾರೂ. ಬೈದಿದ್ದರೆ
ತಿರುಗಿ ಹೇಳಲು ನನಗೂ
ಒಂದು ಸಾಲಾದರೂ ಇರುತ್ತಿತ್ತು.

ಹನ್ನೊಂದನೆಯದು ಸಾಯುವ ಸಾಲು.
ಕಾಗದದಲ್ಲಿತ್ತು: "ನನ್ನ ತಂದೆಯೇ ಕಡಲು! ನೀವು ಬರೀ ಉಪ್ಪು!"
ಹೇಳಿದೆ. ಕೆಳಗೆ ಯಂತ್ರ ಗುರುಗುಟ್ಟಿತು. ಕೆಟ್ಟಿತು.
ಮತ್ತೆ. ಮತ್ತೆ. ಏಳನೆಯ ಸಲ
ಗೋದಡಿಯ ಕತ್ತಲಲ್ಲಿ
ಮಧ್ಯಾಹ್ನ ಮೀರಿತೆಂದು ನೆನಪಾಗಿ
ಬಾಯಿ ತಾನೇ ಅಂದಿತು:
"ಬಾಬಾ, ಜೇವೂಕ ಯೋ."
ಅಪ್ಪಾ, ಊಟಕ್ಕೆ ಬಾ. ಅಷ್ಟೇ.
ಜೊವಿಟೊನ ಮನೆಯಲ್ಲೂ ಅದೇ ಮಾತು.
ಹೆಡ್‌ಫೋನು ಕೊರಳಿಗಿಳಿಸಿ ಸ್ವಲ್ಪ ಹೊತ್ತು ಫ್ಯಾನು ನೋಡಿದ.
"ಇದೇ ಇರಲಿ," ಅಂದ.

ಈಗ ಎಲ್ಲೆಲ್ಲಿಂದಲೋ ಬಂದು ಕೊಲ್ಲುತ್ತಾರೆ ಅವಳನ್ನು.
ಕೊಂಕಣಿ ಕಿವಿಗೆ ಬೀಳದ ಊರಿನವರು
ಅದು ಮಂತ್ರವೆಂದೇ ನಂಬಿದ್ದಾರೆ.
ಹಿಂದುಮುಂದಾಗಿ ಓದಿದ್ದಾರೆ, ಅಕ್ಷರ ಎಣಿಸಿದ್ದಾರೆ.
ಶಾಪ ಅಂತ ಒಬ್ಬ.
ಮಲಗಿದ ಅಪ್ಪನನ್ನು ಎಬ್ಬಿಸುವ ಕೀಲಿ ಅಂತ ಇನ್ನೊಬ್ಬ,
ಅವನದು ತೀರಾ ತಪ್ಪಲ್ಲ.

ಮೊನ್ನೆ ಅಂಕೋಲೆಯ ಬಸ್ಸಿನಲ್ಲಿ
ಪಕ್ಕದ ಹುಡುಗನ ಫೋನಿನೊಳಗೆ ನಾನಿದ್ದೆ,
ಪಕ್ಕೆಯಲ್ಲಿ ಮೂರು ಬಾಣ.
ಬಗ್ಗಿ ನೋಡುವುದು ಕಂಡು ಅಂದ,
"ಮಂತ್ರ ಮುಗಿಯೋದ್ರೊಳಗೆ ಕುತ್ತಿಗೆಗೆ ಹೊಡೀಬೇಕು ಅಕ್ಕಾ,
ಇಲ್ಲಾಂದ್ರೆ ಗುರು ಎದ್ದು ಬರ್ತಾನೆ."
"ಬರ್ತಾನಾ?"
ಹುಡುಗ ಯೋಚಿಸಿದ.
"ಒಂದ್ಸಲಾನೂ ಬಂದಿಲ್ಲ."

ಬಿಣಗಾದಲ್ಲಿ ಇಳಿದೆ.
ಅಪ್ಪ ಕಡಲಿಗೆ ಬೆನ್ನು ಹಾಕಿ
ಲುಂಗಿಯ ಅಂಚಿನ ನೂಲು ಬಿಡಿಸುತ್ತಿದ್ದ,
ಬಲೆಯ ಗಂಟು ಬಿಡಿಸುವ ಅದೇ ಬೆರಳಿನಲ್ಲಿ.
ಗಂಜಿ ಬಡಿಸಿದೆ. ಒಣಶೆಟ್ಲಿ ಚಟ್ನಿಯ ಡಬ್ಬಿ ಬಿಗಿದಿತ್ತು,
ದುಪಟ್ಟಾದಲ್ಲಿ ಹಿಡಿದು ಮುಚ್ಚಳ ತಿರುವಿದೆ.
ಕೂಗಿದೆ. ಏಳಲಿಲ್ಲ.

ಆಟದಲ್ಲಿ ಅವಳಿಗೆ ಒಂದೇ ಸಲ.
ಗಂಜಿಯ ಮೇಲೆ ಕೆನೆಗಟ್ಟತೊಡಗಿತ್ತು.
ಇನ್ನೊಮ್ಮೆ ಕೂಗಿದೆ,
ಇನ್ನೂ ಕೆಟ್ಟದಾಗಿ.