ಹಿಂದಿನ ಸೀಟಿನ ಎಡಗಡೆ

ಅಂಟಾನನರಿವೊದಲ್ಲಿ ಟ್ಯಾಕ್ಸಿಗೆ ಹಾಲುಕೆನೆಯ ಬಣ್ಣ.
ನನ್ನ ರೆನೋ ಫೋರ್‌ಗೆ ಅದರ ಮೇಲಿಷ್ಟು ತುಕ್ಕು,
ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ದೊಡ್ಡದು.
ಊರು ಇರುವುದೇ ಹತ್ತಿ ಇಳಿಯಲಿಕ್ಕೆ.
ಇಳಿಜಾರು ಬಂದರೆ ಎಂಜಿನ್ ಆರಿಸಿಬಿಡುತ್ತೇನೆ,
ಅರ್ಧ ದಿನದ ದುಡಿಮೆ ಗುಡ್ಡದ್ದೇ.

ಪೆಟ್ರೋಲಿನ ಮುಳ್ಳಿಗೆ ಮಾತ್ರ ಚಾಳಿ ಕೆಟ್ಟಿತ್ತು.
ಇಂಡಿಕೇಟರ್ ಹಾಕಿದರೆ
ಟಿಕ್ ಅಂದಾಗ ಬೀಳುವುದು, ಟಕ್ ಅಂದಾಗ ಏಳುವುದು,
ಚರ್ಚಿನ ಕೊನೆಯ ಬೆಂಚಲ್ಲಿ ತೂಕಡಿಸುವ ಮುದುಕನ ಹಾಗೆ.
ಬ್ರೇಕ್ ಒತ್ತಿದರೆ ಸೊನ್ನೆ.
ಕಾಲು ತೆಗೆದರೆ, ಏನೂ ಆಗದವರಂತೆ, ಮತ್ತೆ ಕಾಲು ಟ್ಯಾಂಕು.

ಅದಕ್ಕಿಂತ ಸೋಜಿಗ ಬಾಟುಲಿಯದು.
ಬೆಳಗಿನ ಐದಕ್ಕೆ ಇದ್ದಿಲ ಒಲೆ, ಮುಫು ಗಾಸಿಯ ಅಚ್ಚು,
ಹುಳಿ ಬಂದ ಅಕ್ಕಿಹಿಟ್ಟಿನ ಬಕೆಟ್ಟು, ಕೊನೆಗೆ ತಾನು
ಹಿಂದಿನ ಸೀಟಿನ ಎಡಗಡೆ ಕೂತಳೆಂದರೆ
ಮುಳ್ಳು ಸರ್ರನೆ ಎದ್ದು ಭರ್ತಿ ಅನ್ನುವುದು!
ಅನಲಕೇಲಿಯ ಸಂತೆಯಲ್ಲಿ ಇಳಿದಳೋ, ಮತ್ತೆ ಬಡತನ.
"ಕಂಡೆಯಾ ಸುಲುಫು, ನನ್ನ ಕಾಲ್ಗುಣ"
ಎಂದು ಐನೂರು ಅರಿಯಾರಿ ಕಡಿಮೆ ಕೊಡುವಳು.
ನಗುತ್ತ ತೆಗೆದುಕೊಳ್ಳುತ್ತಿದ್ದೆ.
ನಂಬಿದ್ದೆ ಕೂಡ, ಸ್ವಲ್ಪ.

ಆ ನಂಬಿಕೆಯ ಮೇಲೇ ಒಂದು ಶನಿವಾರ
ಸುರಂಗದ ನಟ್ಟನಡುವೆ ಕಾರು ಉಸಿರುಬಿಟ್ಟಿತು.
ಹಿಂದೆ ಮದುವೆಗಂಡು, ತೊಡೆಯ ಮೇಲೆ ಮೂರಂತಸ್ತಿನ ಕೇಕು,
ಅದರ ಹಿಂದೆ ಅರ್ಧ ನಗರದ ಹಾರನ್ನು.

ಇಸುಟ್ರಿಯಲ್ಲಿ ರೇಡಿಯೋ ರಿಪೇರಿ ಮಾಡುವ
ತಂಗಿಯ ಮಗಳು ನುಮೆನಾ ಬಂದಳು.
ಮೀಟರಿಲ್ಲ ಅವಳ ಬಳಿ. ಒಂದು ಬಲ್ಬು, ಎರಡು ವೈರು,
ತುಟಿಯಂಚಲ್ಲಿ ಕಚ್ಚಿಕೊಂಡ ಸ್ಕ್ರೂ.
"ಮುಳ್ಳಿನ ಮುಖ ನೋಡಬೇಡ ಮಾವ,
ಅದರ ಕಿವಿಯಲ್ಲಿ ಚಾಡಿ ಹೇಳುವವರನ್ನು ಹುಡುಕೋಣ."
ನಾನು ಬಿಚ್ಚಿಟ್ಟಿದ್ದ ಡ್ಯಾಶ್‌ಬೋರ್ಡನ್ನು ಮುಟ್ಟಲೇ ಇಲ್ಲ,
ನೇರ ಹಿಂದೆ ಹೋಗಿ ದೀಪದ ಡಬ್ಬಿ ಕಳಚಿದಳು.

ತಗಡಿಗೆ ಬಿಗಿದ ಕಪ್ಪು ವೈರು,
ತುದಿಯ ಉಂಗುರ ಹಸಿರುಗಟ್ಟಿ, ಪುಡಿಪುಡಿ.
ಬ್ರೇಕ್ ದೀಪ, ಇಂಡಿಕೇಟರು, ಟ್ಯಾಂಕಿನೊಳಗಿನ ತೇಲುಬುರುಡೆ
ಮೂವರೂ ಮನೆಗೆ ಮರಳಲು ಅದೊಂದೇ ಬಾಗಿಲು,
ಅದಕ್ಕೂ ತುಕ್ಕು. ನೂಕುನುಗ್ಗಲಲ್ಲಿ
ಯಾರ ಮಾತು ಯಾರಿಗೆ ಕೇಳೀತು?
ಅರ್ಥಿಂಗೇ ಇಲ್ಲದ ಮೇಲೆ ಅರ್ಥ ಎಲ್ಲಿಂದ?
ಉಪ್ಪುಕಾಗದದಲ್ಲಿ ಉಜ್ಜಿದಳು, ಹೊಸ ವಾಷರ್, ಗ್ರೀಸ್ ಒಂದು ಬೆರಳು.
ತೂಕಡಿಕೆ ನಿಂತಿತು.

ಆದರೂ ಬಾಟುಲಿ ಕೂತರೆ ಭರ್ತಿ.

"ಅಜ್ಜಿ, ಎಡಗಾಲು ಎತ್ತಿ."
ಮುಳ್ಳು ಬಿತ್ತು.
"ಇಳಿಸಿ."
ಎದ್ದಿತು.
"ಎತ್ತಿ."
ನುಮೆನಾ ನಗಲಿಲ್ಲ. ರಬ್ಬರ್ ಚಾಪೆ ಸರಿಸಿದಳು.
ಕೆಳಗೆ ಟ್ಯಾಂಕಿನಿಂದ ಬರುವ ಒಂದೇ ಒಂದು ವೈರು,
ಎಷ್ಟು ಜನರ ಹಿಮ್ಮಡಿಯೋ, ಚರ್ಮ ಸುಲಿದು
ತಾಮ್ರ ಬತ್ತಲೆ. ಮೇಲಿಂದ ಒತ್ತಿದರೆ ನೆಲಕ್ಕೆ ತಗುಲಿ
ಇದ್ದುದನ್ನೆಲ್ಲ ಇದೆಯೆಂದೂ
ಇಲ್ಲದ್ದನ್ನೂ ಇದೆಯೆಂದೂ ಒದರುವುದು.
ಕಾಲ್ಗುಣ ಹೌದು. ಆದರೆ ಇಷ್ಟೇ ಗುಣ.
ಕಪ್ಪು ಟೇಪು ನಾಲ್ಕು ಸುತ್ತು.
ಅವತ್ತು ಬಾಟುಲಿ ಪೂರ್ತಿ ಬಾಡಿಗೆ ಕೊಟ್ಟಳು,
ನನ್ನ ಮುಖ ನೋಡದೆ.

ಈಗ ಮುಳ್ಳು ನಿಜ ಹೇಳುತ್ತದೆ.
ನಿಜವೆಂದರೆ ದಿನವಿಡೀ ಸೊನ್ನೆಯ ಮೇಲೊಂದು ಕೂದಲೆಳೆ;
ಒಬ್ಬ ಗಿರಾಕಿಗೆ ಒಂದು ಲೀಟರು, ಹೀಗೇ ನಮ್ಮ ಬದುಕು.
ಹತ್ತಿದವರೆಲ್ಲ ಮುಂದೆ ಬಾಗಿ ನೋಡಿ
ತಲುಪುತ್ತೇವಾ ಅನ್ನುತ್ತಾರೆ.
ಭರ್ತಿಯಿದ್ದ ಕಾಲದಲ್ಲಿ ಯಾರೂ ಕೇಳಿರಲಿಲ್ಲ.
ಅದರ ಮೇಲೆ ನನ್ನ ಹುಲ್ಲುಟೋಪಿ ಕವುಚಿದ್ದೇನೆ.

ಬಾಟುಲಿ ಬಂದರೆ ಟೋಪಿ ತೆಗೆಯುತ್ತೇನೆ.
ಕತ್ತಲೆ, ಅನುಸಿ ಕೆರೆಯ ಸುತ್ತ ಜಕರಂಡ ಉದುರಿ
ರಸ್ತೆ ಜಾರುವ ಹೊತ್ತು.
ಅವಳು ಹಿಮ್ಮಡಿಯನ್ನು ಒಮ್ಮೆ, ಯಾರೂ ನೋಡದ ಹಾಗೆ,
ಗಟ್ಟಿಯಾಗಿ ಒತ್ತುತ್ತಾಳೆ.
ಇಬ್ಬರೂ ಮುಳ್ಳು ನೋಡುತ್ತೇವೆ.

ಪಂಪಿನ ಕಡೆ ತಿರುಗಿಸುತ್ತೇನೆ.
ಹಿಂದಿನಿಂದ, ಹಿಟ್ಟು ಅಂಟಿದ ಕೈಯಲ್ಲಿ,
ಐನೂರರ ನೋಟೊಂದು ಭುಜದ ಮೇಲೆ ಬರುತ್ತದೆ.